ನೆಲದ ಮೇಲೆ ನಿಲ್ಲುವ ಉದ್ದ ಗಡಿಯಾರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಳೆತ್ತರದ ಮರದ ಪೆಟ್ಟಿಗೆ, ಮೇಲೆ ಗಡಿಯಾರದ ಮುಖ, ಒಳಗೆ ನಿಧಾನವಾಗಿ ತೂಗುವ ಲೋಲಕ. ಹಳೆಯ ಕ್ಲಬ್ಬುಗಳಲ್ಲಿ, ಅರಮನೆಗಳಲ್ಲಿ, ಮ್ಯೂಸಿಯಂಗಳಲ್ಲಿ ನೀವು ಇದನ್ನು ನೋಡಿರುತ್ತೀರಿ. ಹತ್ತಿರ ಹೋಗಿ ನಿಂತರೆ ಸಾಕು, ಮನಸ್ಸಿನಲ್ಲಿ ಪ್ರಶ್ನೆಗಳು ಏಳುತ್ತವೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಮಾತು ಇಂಗ್ಲೆಂಡಿನ ಗಡಿಯಾರಗಳ ಬಗ್ಗೆಯೇ ಇದೆ. ಯಾಕೆಂದರೆ ಈ ಕಸುಬು ಬೆಳೆದದ್ದು ಮುಖ್ಯವಾಗಿ ಅಲ್ಲಿ, ಸುಮಾರು 1660ರಿಂದ 1850ರ ನಡುವೆ.

ಗ್ರ್ಯಾಂಡ್‌ಫಾದರ್ ಕ್ಲಾಕ್, ಲಾಂಗ್‌ಕೇಸ್ ಕ್ಲಾಕ್ ಎರಡೂ ಒಂದೇನಾ?

ಒಂದೇ. ಬಲ್ಲವರು ಲಾಂಗ್‌ಕೇಸ್ ಅನ್ನುತ್ತಾರೆ, ಅಂದರೆ ಉದ್ದ ಪೆಟ್ಟಿಗೆಯದು. ಗ್ರ್ಯಾಂಡ್‌ಫಾದರ್ ಅನ್ನುವ ಹೆಸರು ಬಹಳ ಆಮೇಲೆ ಬಂತು. 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಅಜ್ಜನ ಗಡಿಯಾರದ ಮೇಲೊಂದು ಹಾಡು ಬರೆದ. ಅದು ಎಲ್ಲರ ಬಾಯಲ್ಲೂ ಹರಿದಾಡಿತು, ಹೆಸರು ಅಂಟಿಕೊಂಡಿತು. ಅಷ್ಟು ಹೊತ್ತಿಗೆ ಈ ಗಡಿಯಾರಗಳಿಗೆ ಇನ್ನೂರು ವರ್ಷ ದಾಟಿತ್ತು.

ಪೆಟ್ಟಿಗೆ ಇಷ್ಟು ಎತ್ತರ ಯಾಕೆ? ಲೋಲಕಕ್ಕಾಗಿಯಾ?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಆದರೆ ಮೊದಲ ಕಾರಣ ಲೋಲಕವಲ್ಲ, ತೂಕದ ಗುಂಡುಗಳು. ಈ ಗಡಿಯಾರದಲ್ಲಿ ಸ್ಪ್ರಿಂಗ್ ಇಲ್ಲ. ಹುರಿಗೆ ಕಟ್ಟಿದ ಸೀಸದ ಅಥವಾ ಕಬ್ಬಿಣದ ಗುಂಡು ನಿಧಾನವಾಗಿ ಕೆಳಗೆ ಇಳಿಯುತ್ತದೆ. ಅದು ಇಳಿಯುವ ಬಲಕ್ಕೆ ಚಕ್ರಗಳು ತಿರುಗುತ್ತವೆ. ಗುಂಡು ಇಳಿಯಲು ಜಾಗ ಬೇಕು, ಅದಕ್ಕೆ ಎತ್ತರ. ಬರಿಯ ಹುರಿ, ಗುಂಡು ನೇತಾಡುತ್ತಿದ್ದರೆ ನೋಡಲು ಚೆನ್ನಾಗಿರುವುದಿಲ್ಲ. ಧೂಳು ಬೀಳುತ್ತದೆ, ಮಕ್ಕಳು ಎಳೆಯುತ್ತಾರೆ. ಅದಕ್ಕೇ ಸುತ್ತ ಪೆಟ್ಟಿಗೆ ಕಟ್ಟಿದರು.

ತೀರಾ ಮೊದಲಿನ ಉದ್ದ ಗಡಿಯಾರಗಳಲ್ಲಿ ಲೋಲಕ ಒಂದು ಗೇಣು, ಸ್ವಲ್ಪ ಹೆಚ್ಚು ಕಡಿಮೆ ಅಷ್ಟೇ ಇತ್ತು. ಉದ್ದ ಲೋಲಕ ಬಂದದ್ದು ಸುಮಾರು 1670ರ ಹೊತ್ತಿಗೆ. ಪೆಟ್ಟಿಗೆ ಹೇಗೂ ಉದ್ದವಾಗಿಯೇ ಇತ್ತು, ಅದರೊಳಗೆ ಹೊಸ ಲೋಲಕ ಸಲೀಸಾಗಿ ಕೂತಿತು.

ಲೋಲಕದ ಗಡಿಯಾರ ಶುರುವಾದದ್ದು ಯಾರಿಂದ?

ಲೋಲಕ ಒಂದೇ ಲಯದಲ್ಲಿ ತೂಗುತ್ತದೆ ಎಂದು ಗಮನಿಸಿದವನು ಇಟಲಿಯ ಗೆಲಿಲಿಯೊ. ಅದನ್ನು ಗಡಿಯಾರಕ್ಕೆ ಜೋಡಿಸಿ ಗೆದ್ದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್, 1656ರಲ್ಲಿ. ಅವನಿಗಾಗಿ ಗಡಿಯಾರ ಮಾಡಿಕೊಟ್ಟವನು ಹೇಗ್ ಊರಿನ ಸಾಲೊಮನ್ ಕಾಸ್ಟರ್. ಅದಕ್ಕೆ ಮುಂಚೆ ಒಳ್ಳೆಯ ಗಡಿಯಾರ ಕೂಡ ದಿನಕ್ಕೆ ಕಾಲು ಗಂಟೆ ಹಿಂದೆ ಮುಂದೆ ಆಗುತ್ತಿತ್ತು. ಲೋಲಕ ಬಂದ ಮೇಲೆ ಆ ತಪ್ಪು ಕೆಲವು ಸೆಕೆಂಡುಗಳ ಲೆಕ್ಕಕ್ಕೆ ಇಳಿಯಿತು. ಎಂಥ ಜಿಗಿತ ನೋಡಿ!

ಲಂಡನ್‌ನಲ್ಲಿ ಅಹಸುವೆರಸ್ ಫ್ರೊಮಾಂಟೀಲ್ ಎಂಬ ಗಡಿಯಾರಗಾರ ಇದ್ದ. ಅವನ ಮಗ ಜಾನ್ 1657ರಲ್ಲಿ ಕಾಸ್ಟರ್ ಹತ್ತಿರ ಕೆಲಸಕ್ಕೆ ಸೇರಿದ. ಮರುವರ್ಷವೇ, 1658ರಲ್ಲಿ, ಅಪ್ಪ ಲಂಡನ್‌ನಲ್ಲಿ ಹೊಸ ಬಗೆಯ ಗಡಿಯಾರ ಸಿಗುತ್ತದೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಇಂಗ್ಲೆಂಡಿನ ಮೊದಲ ಉದ್ದ ಗಡಿಯಾರಗಳು ಈ ಮನೆತನದ ಕೈಯಿಂದಲೇ ಬಂದವು. ಕಪ್ಪು ಬಣ್ಣ, ತುಂಬ ಸಪೂರ, ಮೇಲೆ ಗುಡಿಯ ಮುಂಭಾಗದಂತೆ ತ್ರಿಕೋನ. ಆಮೇಲೆ ಬಂದ ದಪ್ಪ ಗಡಿಯಾರಗಳಿಗಿಂತ ನನಗೆ ಇವೇ ಜಾಸ್ತಿ ಇಷ್ಟ.

ಆಂಕರ್ ಅಂದರೇನು? ಅದಕ್ಕೆ ಅಷ್ಟು ಮಹತ್ವ ಯಾಕೆ?

ಗುಂಡಿನ ಭಾರಕ್ಕೆ ಚಕ್ರಗಳು ಒಂದೇ ಸಮನೆ ತಿರುಗಿಬಿಟ್ಟರೆ ಗುಂಡು ಒಂದೇ ನಿಮಿಷದಲ್ಲಿ ಕೆಳಗೆ ಬೀಳುತ್ತದೆ. ಅದನ್ನು ತಡೆದು, ಒಂದೊಂದೇ ಹಲ್ಲು ಬಿಡುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ನಮಗೆ ಕೇಳುವ ಟಿಕ್ ಟಾಕ್ ಸದ್ದು ಅಲ್ಲಿಂದಲೇ ಬರುವುದು. ಹಳೆಯ ಪದ್ಧತಿಯಲ್ಲಿ ಲೋಲಕ ತುಂಬ ಅಗಲವಾಗಿ ತೂಗಬೇಕಿತ್ತು. ಹಾಗೆ ತೂಗಿದರೆ ಲಯ ಕೆಡುತ್ತದೆ. ಉದ್ದ ಲೋಲಕ ಹಾಕಲೂ ಆಗದು, ಪೆಟ್ಟಿಗೆಗೆ ಬಡಿಯುತ್ತದೆ.

ಹೊಸ ಭಾಗ ಹಡಗಿನ ಲಂಗರಿನ ಆಕಾರದಲ್ಲಿತ್ತು, ಅದಕ್ಕೇ ಆಂಕರ್ ಎಂಬ ಹೆಸರು. ಇದರಿಂದ ಲೋಲಕ ಕೆಲವೇ ಡಿಗ್ರಿ ತೂಗಿದರೂ ಸಾಕಾಯಿತು. ಸುಮಾರು 99.4 ಸೆಂಟಿಮೀಟರ್ ಉದ್ದದ ಲೋಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಸರಿಯಾಗಿ ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಉದ್ದ ಗಡಿಯಾರದ ಆ ನಿಧಾನದ, ಗಂಭೀರ ನಡಿಗೆ ಇದರಿಂದ ಬಂದದ್ದು. ಡಯಲ್ ಮೇಲೆ ಸೆಕೆಂಡಿನ ಪುಟ್ಟ ಮುಳ್ಳು ಹಾಕಲೂ ಸುಲಭವಾಯಿತು.

ಕಂಡುಹಿಡಿದವರು ಯಾರು ಅನ್ನುವುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ವಿಜ್ಞಾನಿ ರಾಬರ್ಟ್ ಹುಕ್ ಅನ್ನುವವರಿದ್ದಾರೆ. ಲಂಡನ್‌ನ ವಿಲಿಯಂ ಕ್ಲೆಮೆಂಟ್ ಅನ್ನುವವರಿದ್ದಾರೆ. ಆಕ್ಸ್‌ಫರ್ಡಿನ ಜೋಸೆಫ್ ನಿಬ್ ಹೆಸರೂ ಕೇಳಿಬರುತ್ತದೆ. ಕ್ಲೆಮೆಂಟ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ 1671ರಲ್ಲಿ ಮಾಡಿಕೊಟ್ಟ ದೊಡ್ಡ ಗಡಿಯಾರ ಈಗ ಲಂಡನ್‌ನ ಸೈನ್ಸ್ ಮ್ಯೂಸಿಯಂನಲ್ಲಿದೆ.

ಟಾಂಪಿಯನ್ ಹೆಸರು ಬಂದ ಕೂಡಲೇ ಎಲ್ಲರ ಕಿವಿ ಯಾಕೆ ನೆಟ್ಟಗಾಗುತ್ತದೆ?

ಥಾಮಸ್ ಟಾಂಪಿಯನ್ ಕಮ್ಮಾರನ ಮಗ. ಹುಟ್ಟಿದ್ದು 1639ರಲ್ಲಿ, ಬೆಡ್‌ಫರ್ಡ್‌ಶೈರ್‌ನ ಹಳ್ಳಿಯೊಂದರಲ್ಲಿ. 1671ರಲ್ಲಿ ಲಂಡನ್‌ನ ಗಡಿಯಾರಗಾರರ ಸಂಘ ಸೇರಿದ. ಈ ಸಂಘಕ್ಕೆ ಕ್ಲಾಕ್‌ಮೇಕರ್ಸ್ ಕಂಪನಿ ಎಂದು ಹೆಸರು, ರಾಜನ ಸನ್ನದು ಸಿಕ್ಕಿದ್ದು 1631ರಲ್ಲಿ. ಐದೇ ವರ್ಷದಲ್ಲಿ, 1676ರಲ್ಲಿ, ಹೊಸದಾಗಿ ಕಟ್ಟಿದ ಗ್ರೀನಿಚ್ ವೀಕ್ಷಣಾಲಯಕ್ಕೆ ಎರಡು ಗಡಿಯಾರ ಮಾಡಿಕೊಟ್ಟ. ಒಂದೊಂದರ ಲೋಲಕವೂ 13 ಅಡಿ ಉದ್ದ! ಒಂದು ಬಾರಿ ತೂಗಲು ಎರಡು ಸೆಕೆಂಡ್. ಒಮ್ಮೆ ಕೀ ಕೊಟ್ಟರೆ ವರ್ಷವಿಡೀ ನಡೆಯುವಂಥವು. ಭೂಮಿ ಒಂದೇ ವೇಗದಲ್ಲಿ ಸುತ್ತುತ್ತಿದೆಯೇ ಎಂದು ಪರೀಕ್ಷಿಸಲು ಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ ಇವನ್ನೇ ನಂಬಿದ. ಕಮ್ಮಾರನ ಮಗನ ಗಡಿಯಾರ ಹಿಡಿದು ಭೂಮಿಯನ್ನೇ ಅಳೆದರು. ಅವುಗಳಲ್ಲಿ ಒಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅವನು ಇನ್ನೊಂದು ಜಾಣತನದ ಕೆಲಸ ಮಾಡಿದ. ತನ್ನ ಗಡಿಯಾರಗಳಿಗೆ ನಂಬರ್ ಹಾಕತೊಡಗಿದ. ಆ ಕಾಲದಲ್ಲಿ ಅದು ಹೊಸದು. ಸುಮಾರು 650 ಗಡಿಯಾರ, 5,500 ಜೇಬಿನ ವಾಚು ಅವನ ಅಂಗಡಿಯಿಂದ ಹೊರಬಂದವು. ಇಷ್ಟೆಲ್ಲ ಒಬ್ಬನ ಕೈಕೆಲಸ ಅಲ್ಲ. ಅವನ ಅಂಗಡಿಯಲ್ಲಿ ತುಂಬ ಜನ ಕೆಲಸಗಾರರಿದ್ದರು. ಒಂದೊಂದು ಭಾಗ ಒಬ್ಬೊಬ್ಬರು ಮಾಡುತ್ತಿದ್ದರು. ಕೊನೆಯ ಕಣ್ಣು ಮಾತ್ರ ಅವನದು.

ಅವನ ಉದ್ದ ಗಡಿಯಾರ ನೋಡುವ ಆಸೆಯಿದ್ದರೆ ಬಾತ್ ಊರಿನ ಪಂಪ್ ರೂಮಿಗೆ ಹೋಗಿ. 1709ರಲ್ಲಿ ಅವನೇ ಆ ಊರಿಗೆ ಕೊಟ್ಟ ಗಡಿಯಾರ ಅಲ್ಲಿದೆ.

ಅವನ ನಂತರ ಯಾರು?

ಜಾರ್ಜ್ ಗ್ರಹಾಂ. ಟಾಂಪಿಯನ್ನನ ಅಂಗಡಿಯಲ್ಲೇ ದುಡಿದು, ಅವನ ತಮ್ಮನ ಮಗಳನ್ನೇ ಮದುವೆಯಾದ. ಆಂಕರ್‌ನಲ್ಲಿ ಒಂದು ಕೊರತೆ ಇತ್ತು. ಪ್ರತಿ ಸಲ ಟಿಕ್ ಅಂದಾಗ ಚಕ್ರ ಚೂರು ಹಿಂದಕ್ಕೆ ಜಗ್ಗುತ್ತಿತ್ತು. ಸೆಕೆಂಡಿನ ಮುಳ್ಳನ್ನು ದಿಟ್ಟಿಸಿ ನೋಡಿ, ಅದು ಒಂದಿಷ್ಟು ನಡುಗಿ ಹಿಂದೆ ಸರಿಯುವುದು ಕಾಣುತ್ತದೆ. 1715ರ ಹೊತ್ತಿಗೆ ಗ್ರಹಾಂ ಆ ಜಗ್ಗಾಟ ಇಲ್ಲದ ಡೆಡ್‌ಬೀಟ್ ಪದ್ಧತಿಯನ್ನು ಹದಕ್ಕೆ ತಂದ. ಮುಂದೆ ಇನ್ನೂರು ವರ್ಷ ವೀಕ್ಷಣಾಲಯಗಳ ಗಡಿಯಾರಕ್ಕೆ ಅದೇ ಗತಿಯಾಯಿತು.

ಎರಡನೆಯದು ಪಾದರಸದ ಲೋಲಕ. ಬಿಸಿಲಿಗೆ ಲೋಹದ ಕಡ್ಡಿ ಹಿಗ್ಗುತ್ತದೆ, ಲೋಲಕ ಉದ್ದವಾಗುತ್ತದೆ, ಗಡಿಯಾರ ನಿಧಾನವಾಗುತ್ತದೆ. ಉಕ್ಕಿನ ಲೋಲಕವಾದರೆ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ದಿನಕ್ಕೆ ಅರ್ಧ ಸೆಕೆಂಡ್ ಹೋಗುತ್ತದೆ. ಗ್ರಹಾಂ ಲೋಲಕದ ತುದಿಗೆ ಗುಂಡಿನ ಬದಲು ಪಾದರಸ ತುಂಬಿದ ಭರಣಿ ಕೂರಿಸಿದ. ಕಡ್ಡಿ ಕೆಳಕ್ಕೆ ಹಿಗ್ಗಿದಷ್ಟೂ ಪಾದರಸ ಮೇಲಕ್ಕೆ ಹಿಗ್ಗುತ್ತದೆ. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ.

1751ರಲ್ಲಿ ಅವನು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಟಾಂಪಿಯನ್ನನ ಸಮಾಧಿಯಲ್ಲೇ ಮಣ್ಣು ಮಾಡಿದರು. ರಾಜರು, ಕವಿಗಳು ಮಲಗಿರುವ ಜಾಗದಲ್ಲಿ ಇಬ್ಬರು ಗಡಿಯಾರಗಾರರು ಒಂದೇ ಕಲ್ಲಿನ ಕೆಳಗೆ ಮಲಗಿದ್ದಾರೆ.

ಮರದ ಚಕ್ರಗಳ ಗಡಿಯಾರವೂ ಇತ್ತಂತೆ, ನಿಜವಾ?

ನಿಜ. ಇದು ನನಗೆ ಎಲ್ಲಕ್ಕಿಂತ ಪ್ರೀತಿಯ ಕಥೆ. ಜಾನ್ ಹ್ಯಾರಿಸನ್ 1693ರಲ್ಲಿ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದ. ಬೆಳೆದದ್ದು ಲಿಂಕನ್‌ಶೈರ್‌ನ ಬ್ಯಾರೋ ಎಂಬ ಹಳ್ಳಿಯಲ್ಲಿ. ಅಪ್ಪ ಬಡಗಿ, ಇವನೂ ಬಡಗಿ. ಯಾವ ಗಡಿಯಾರಗಾರನ ಹತ್ತಿರವೂ ಕೆಲಸ ಕಲಿತವನಲ್ಲ. 1713ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಹೊತ್ತಿಗೆ, ಒಂದು ಉದ್ದ ಗಡಿಯಾರ ಮಾಡಿದ. ಚಕ್ರಗಳು ಓಕ್ ಮರದ್ದು.

ಮರದ ಹಲ್ಲು ಮುರಿಯುವುದಿಲ್ಲವಾ? ಮುರಿಯುತ್ತದೆ, ನಾರಿಗೆ ಅಡ್ಡ ಕತ್ತರಿಸಿದರೆ. ಹ್ಯಾರಿಸನ್ ಅದಕ್ಕೆ ಚಕ್ರದ ಅಂಚನ್ನು ತುಂಡು ತುಂಡಾಗಿ ಜೋಡಿಸಿದ. ಪ್ರತಿ ಹಲ್ಲಿನಲ್ಲೂ ಮರದ ನಾರು ನೆಟ್ಟಗೆ ಹೊರಮುಖವಾಗಿ ಬರುವಂತೆ ನೋಡಿಕೊಂಡ. ಮರ ಗೊತ್ತಿದ್ದವನಿಗೆ ಮಾತ್ರ ಹೊಳೆಯುವ ಉಪಾಯ ಇದು.

ಆ ಕಾಲದ ಗಡಿಯಾರಗಳ ದೊಡ್ಡ ಶತ್ರು ಎಣ್ಣೆ. ಚಳಿಗೆ ಗಟ್ಟಿಯಾಗುತ್ತಿತ್ತು, ಹಳತಾದರೆ ಅಂಟಾಗುತ್ತಿತ್ತು. ಹ್ಯಾರಿಸನ್ ಎಣ್ಣೆಯನ್ನೇ ಬಿಟ್ಟುಬಿಟ್ಟ. ಲಿಗ್ನಮ್ ವೀಟೆ ಎಂಬ ಮರವಿದೆ. ಅದರ ಒಳಗೇ ಜಿಡ್ಡಿನ ಅಂಶ ಇರುತ್ತದೆ. ಅಚ್ಚುಗಳು ತಿರುಗುವ ಜಾಗಕ್ಕೆ ಅದನ್ನೇ ಹಾಕಿದ. ಬ್ರಾಕಲ್ಸ್‌ಬಿ ಪಾರ್ಕ್ ಎಂಬ ಎಸ್ಟೇಟಿನ ಕುದುರೆ ಲಾಯದ ಮೇಲೆ 1720ರ ದಶಕದ ಆರಂಭದಲ್ಲಿ ಅವನು ಕೂರಿಸಿದ ಗಡಿಯಾರ ಎಣ್ಣೆ ಇಲ್ಲದೆ ನಮ್ಮ ಕಾಲದವರೆಗೂ ನಡೆದು ಬಂದಿದೆ.

ಆಮೇಲೆ ತಮ್ಮ ಜೇಮ್ಸ್ ಜೊತೆ ಸೇರಿ ಇನ್ನೂ ಕರಾರುವಾಕ್ಕಾದ ಉದ್ದ ಗಡಿಯಾರಗಳನ್ನು ಮಾಡಿದ. ಹಿತ್ತಾಳೆ ಮತ್ತು ಉಕ್ಕಿನ ಕಡ್ಡಿಗಳನ್ನು ಜಾಲರಿಯಂತೆ ಜೋಡಿಸಿದ ಲೋಲಕ, ಮಿಡತೆಯ ಕಾಲಿನಂತೆ ಎಗರುವ ಎಸ್ಕೇಪ್‌ಮೆಂಟ್. ತಿಂಗಳಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪುವುದಿಲ್ಲ ಎಂದು ಅವನು ಹೇಳಿಕೊಂಡ. ಹಡಗಿನಲ್ಲಿ ರೇಖಾಂಶ ಕಂಡುಹಿಡಿಯುವ ಗಡಿಯಾರದ ಯೋಜನೆ ಹಿಡಿದು 1730ರಲ್ಲಿ ಲಂಡನ್‌ಗೆ ಬಂದಾಗ ಅವನಿಗೆ ಕೈಗಡ ಕೊಟ್ಟವನು ಅದೇ ಗ್ರಹಾಂ. ಬಡ್ಡಿಯನ್ನೂ ಕೇಳಲಿಲ್ಲ. ಮುಂದಿನ ಸಮುದ್ರದ ಕಥೆ ಬೇರೆಯೇ ಇದೆ. ಆದರೆ ಅದರ ಬೇರು ಈ ಮರದ ಗಡಿಯಾರಗಳಲ್ಲಿದೆ.

ಡಯಲ್ ಮೇಲೆ ಒಂದು ಹೆಸರಿದೆ. ಗಡಿಯಾರ ಮಾಡಿದವನು ಅವನೇ ಅಲ್ವಾ?

ಹಾಗೆ ಅಂದುಕೊಳ್ಳಬೇಡಿ. ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

17ನೇ ಶತಮಾನದ ಲಂಡನ್ ಗಡಿಯಾರವಾದರೆ, ಡಯಲ್ ಮೇಲಿನ ಹೆಸರಿನವನ ಅಂಗಡಿಯಲ್ಲೇ ಅದು ತಯಾರಾಗಿರುವ ಸಂಭವ ಹೆಚ್ಚು. ಆದರೆ 18ನೇ ಶತಮಾನ ಮುಗಿಯುವ ಹೊತ್ತಿಗೆ ಎಲ್ಲ ಬದಲಾಗಿತ್ತು. ಚಕ್ರಕ್ಕೆ, ಫಲಕಕ್ಕೆ ಬೇಕಾದ ಹಿತ್ತಾಳೆಯನ್ನು ಎರಕದವರು ಹೊಯ್ದು ಕೊಡುತ್ತಿದ್ದರು. ಡಯಲ್ ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಿತ್ತು. ಪೆಟ್ಟಿಗೆ ಊರಿನ ಬಡಗಿ ಮಾಡುತ್ತಿದ್ದ. ಗಡಿಯಾರದ ಅಂಗಡಿಯವನು ಎಲ್ಲವನ್ನೂ ಜೋಡಿಸಿ, ಹದ ಮಾಡಿ, ತನ್ನ ಹೆಸರು ಮತ್ತು ಊರು ಬರೆಸುತ್ತಿದ್ದ. ಕೆಲವು ಸಲ ಆ ಹೆಸರು ಬರೀ ಮಾರಿದವನದು.

ಇದರಿಂದ ಗಡಿಯಾರದ ಬೆಲೆ ಕಡಿಮೆಯಾಗುತ್ತದೆ ಅಂತ ನನಗನ್ನಿಸುವುದಿಲ್ಲ. ಒಂದು ಗಡಿಯಾರದಲ್ಲಿ ಏಳೆಂಟು ಜನರ ಕೈ ಇರುತ್ತದೆ, ಗುರುತು ಉಳಿದಿರುವುದು ಒಬ್ಬರದು. ಬಡಗಿಯ ಹೆಸರಂತೂ ಸಿಗುವುದೇ ಅಪರೂಪ. ಹಾಗಾಗಿ ಹೆಸರು ಓದಿ ಅಲ್ಲಿಗೇ ನಿಲ್ಲಬೇಡಿ. ಯಂತ್ರ ನೋಡಿ, ಪೆಟ್ಟಿಗೆಯ ಹಿಂಬದಿ ನೋಡಿ, ಡಯಲ್ ಬಿಚ್ಚಿದಾಗ ಅದರ ಬೆನ್ನು ನೋಡಿ. ಬಿಳಿ ಬಣ್ಣದ ಡಯಲ್‌ಗಳ ಹಿಂದೆ ಒಂದು ಎರಕದ ಕಬ್ಬಿಣದ ಚೌಕಟ್ಟು ಇರುವುದುಂಟು. ಡಯಲ್ ಮಾಡಿದವರ ಹೆಸರು ಅದರಲ್ಲಿ ಉಬ್ಬಿರುತ್ತದೆ. ಹಿಂದಿನ ರಿಪೇರಿಯವರು ಮೊಳೆಯಿಂದ ಗೀಚಿಟ್ಟ ತಾರೀಕುಗಳೂ ಒಳಗೆ ಸಿಗುತ್ತವೆ. ಅವನ್ನು ಉಜ್ಜಿ ಅಳಿಸಬೇಡಿ.

ಹೆಸರು ನಂಬುವಂತಿಲ್ಲ ಅಂದರೆ ವಯಸ್ಸು ಹೇಗೆ ತಿಳಿಯುವುದು?

ಡಯಲ್‌ನಿಂದ ಶುರು ಮಾಡಿ. ಚೌಕಾಕಾರದ ಹಿತ್ತಾಳೆ ಡಯಲ್, ಅಗಲ 10 ಇಂಚು ಇದ್ದರೆ ಹಳೆಯದು, 1670–80ರ ಸುಮಾರಿನದು. ನಂತರ 11 ಇಂಚು ಆಯಿತು. 1700ರ ಹೊತ್ತಿಗೆ 12 ಇಂಚು. 1715–20ರಿಂದ ಡಯಲ್ ಮೇಲೆ ಕಮಾನು ಬಂತು. ಆದರೆ ಹಳ್ಳಿ ಕಡೆ ಚೌಕ ಡಯಲ್‌ಗಳು ಇನ್ನೂ ಬಹಳ ಕಾಲ ನಡೆದವು. ಬಿಳಿ ಬಣ್ಣ ಹಚ್ಚಿ ಹೂವು ಬರೆದ ಕಬ್ಬಿಣದ ಡಯಲ್ ಇದ್ದರೆ 1772ಕ್ಕಿಂತ ಮುಂಚಿನದಲ್ಲ. ಆ ವರ್ಷವೇ ಬರ್ಮಿಂಗ್‌ಹ್ಯಾಮ್‌ನ ಆಸ್‌ಬರ್ನ್ ಮತ್ತು ವಿಲ್ಸನ್ ಅವನ್ನು ಮಾರುಕಟ್ಟೆಗೆ ತಂದರು. ಮೇಣದಬತ್ತಿಯ ಬೆಳಕಿನಲ್ಲಿ ಹಿತ್ತಾಳೆಗಿಂತ ಬಿಳಿ ಮುಖ ಓದಲು ಸುಲಭ. ಬೆಲೆಯೂ ಕಡಿಮೆ. ಕೆಲವೇ ವರ್ಷಗಳಲ್ಲಿ ಊರೂರಿಗೂ ಹಬ್ಬಿತು.

ಮರವೂ ಹೇಳುತ್ತದೆ. ಮೊದಲು ಕಪ್ಪು ಎಬೊನಿ, ಆಮೇಲೆ ವಾಲ್ನಟ್ ಮತ್ತು ಬಣ್ಣಬಣ್ಣದ ಮರ ಕೂರಿಸಿದ ಹೂಬಳ್ಳಿಯ ಕೆಲಸ. 18ನೇ ಶತಮಾನದ ನಡುವಿನಿಂದ ಮಹಾಗನಿ. ಓಕ್ ಮಾತ್ರ ಹಳ್ಳಿಯ ಗಡಿಯಾರಗಳಲ್ಲಿ ಎಲ್ಲ ಕಾಲಕ್ಕೂ ಇತ್ತು.

ಒಂದೇ ಗುರುತು ಹಿಡಿದು ತೀರ್ಮಾನ ಮಾಡಬೇಡಿ. ನಾಲ್ಕೈದು ಗುರುತುಗಳು ಒಂದೇ ಕಾಲವನ್ನು ತೋರಿಸಬೇಕು.

"ಮದುವೆ ಆದ ಗಡಿಯಾರ" ಅನ್ನುತ್ತಾರಲ್ಲ, ಹಾಗೆಂದರೇನು?

ಒಂದು ಗಡಿಯಾರದ ಯಂತ್ರವನ್ನು ಇನ್ನೊಂದರ ಪೆಟ್ಟಿಗೆಗೆ ಕೂರಿಸಿದ್ದು. ಪೆಟ್ಟಿಗೆಯನ್ನು ಹುಳು ತಿಂದು ಹೋಗಿರುತ್ತದೆ, ಯಂತ್ರ ಗಟ್ಟಿ ಇರುತ್ತದೆ. ಹಾಗೆ ಜೋಡಿ ಮಾಡುವುದು ಹಿಂದಿನಿಂದಲೂ ಇದೆ. ಅದು ತಪ್ಪಲ್ಲ. ಹೇಳದೆ ಮಾರುವುದು ತಪ್ಪು.

ಕಂಡುಹಿಡಿಯಲು ಮೇಲಿನ ಮುಚ್ಚಳದ ಭಾಗವನ್ನು ಮುಂದಕ್ಕೆ ಎಳೆದು ತೆಗೆಯಿರಿ. ಯಂತ್ರ ಕೂತಿರುವ ಹಲಗೆ ನೋಡಿ. ಅದರ ಕೆಳಗೆ ಹೊಸ ಮರದ ತುಂಡು ಸೇರಿಸಿ ಎತ್ತರ ಮಾಡಿದ್ದಾರಾ? ಅಥವಾ ಪಕ್ಕದ ಆಧಾರಗಳನ್ನು ಕೊಯ್ದು ತಗ್ಗಿಸಿದ್ದಾರಾ? ಡಯಲ್‌ಗೂ ಬಾಗಿಲಿನ ಚೌಕಟ್ಟಿಗೂ ನಡುವೆ ಸಂದು ಕಾಣುತ್ತದಾ? ಪೆಟ್ಟಿಗೆಯ ಹಿಂದಿನ ಹಲಗೆಯ ಒಳಮೈಯಲ್ಲಿ ಲೋಲಕ ಉಜ್ಜಿದ ಹಳೆಯ ಗೀರು ಇರುತ್ತದೆ. ಈಗಿನ ಲೋಲಕ ಅದೇ ಎತ್ತರದಲ್ಲಿ ತೂಗುತ್ತಿದೆಯೇ ನೋಡಿ. ಇದು ನನ್ನ ಮಟ್ಟಿಗೆ ಒಳ್ಳೆಯ ಸಾಕ್ಷಿ.

ಎಂಟು ದಿನದ್ದು, ಮೂವತ್ತು ಗಂಟೆಯದು ಅಂದರೆ?

ಒಮ್ಮೆ ಕೀ ಕೊಟ್ಟರೆ ಎಷ್ಟು ಹೊತ್ತು ನಡೆಯುತ್ತದೆ ಅನ್ನುವ ಲೆಕ್ಕ. ಎಂಟು ದಿನದ ಗಡಿಯಾರದ ಡಯಲ್ ಮೇಲೆ ಎರಡು ತೂತು, ಒಳಗೆ ಎರಡು ಗುಂಡು. ಒಂದು ಸಮಯ ನಡೆಸಲು, ಇನ್ನೊಂದು ಗಂಟೆ ಬಾರಿಸಲು. ಒಂದೊಂದೂ ಸುಮಾರು ಐದಾರು ಕಿಲೋ. ವಾರಕ್ಕೊಮ್ಮೆ ಹಿಡಿಕೆ ಹಾಕಿ ತಿರುಗಿಸಿದರೆ ಸಾಕು. ಮೂವತ್ತು ಗಂಟೆಯದಕ್ಕೆ ದಿನಾ ಬಾಗಿಲು ತೆರೆದು ಸರಪಳಿ ಎಳೆಯಬೇಕು. ಒಂದೇ ಗುಂಡು ಎರಡೂ ಕೆಲಸ ಮಾಡುತ್ತದೆ. ಅದು ಹೈಗೆನ್ಸ್ ಯೋಚಿಸಿದ ಸರಪಳಿಯ ಸುತ್ತು. ಮೂವತ್ತು ಗಂಟೆಯದು ಅಗ್ಗ. ಅದಕ್ಕೇ ಕೆಲವು ಗಡಿಯಾರಗಳ ಡಯಲ್ ಮೇಲೆ ಸುಮ್ನೆ ಎರಡು ಸುಳ್ಳು ತೂತು ಬರೆಸಿರುತ್ತಾರೆ. ಬಂದ ನೆಂಟರು ಎಂಟು ದಿನದ್ದು ಅಂದುಕೊಳ್ಳಲಿ ಅಂತ.

ಒಂದೇ ಮುಳ್ಳಿರುವ ಗಡಿಯಾರ ನೋಡಿದೆ. ಇನ್ನೊಂದು ಮುರಿದುಹೋಗಿದೆಯಾ?

ಇರಲಿಕ್ಕಿಲ್ಲ. ಅಂಕಿಗಳ ಒಳಸುತ್ತು ನೋಡಿ. ಎರಡು ಅಂಕಿಗಳ ನಡುವೆ ನಾಲ್ಕು ಭಾಗ ಮಾತ್ರ ಇದ್ದರೆ ಅದು ಹುಟ್ಟಿನಿಂದಲೇ ಒಂಟಿ ಮುಳ್ಳಿನದು. ಕಾಲು ಗಂಟೆಯ ಲೆಕ್ಕ ಸಿಕ್ಕರೆ ಸಾಕು ಎಂದಿದ್ದ ಹಳ್ಳಿಗಳಲ್ಲಿ ಇವು 18ನೇ ಶತಮಾನದಲ್ಲೂ ತಯಾರಾದವು. ದಯವಿಟ್ಟು ಎರಡನೇ ಮುಳ್ಳು ಹಾಕಿಸಬೇಡಿ.

ರೋಮನ್ ಅಂಕಿಯಲ್ಲಿ ನಾಲ್ಕನ್ನು ನಾಲ್ಕು ಗೀಟು ಹಾಕಿ (IIII) ಯಾಕೆ ಬರೆಯುತ್ತಾರೆ?

ಎದುರಿಗೆ ಎಂಟರ ಅಂಕಿ ಅಗಲವಾಗಿದೆ. ನಾಲ್ಕು ಗೀಟು ಹಾಕಿದರೆ ಎರಡೂ ಬದಿ ತೂಕ ಸರಿಹೋಗುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ಇದಕ್ಕಿಂತ ಸ್ವಾರಸ್ಯವಾದದ್ದು ಉಲ್ಟಾ ಪ್ರಕರಣ. ಹಳೆಯ ಗಡಿಯಾರದಲ್ಲಿ ಐದರ ಗುರುತಿನ ಹಿಂದೆ ಒಂದೇ ಗೀಟು ಹಾಕಿ (IV) ನಾಲ್ಕು ಬರೆದಿದ್ದರೆ ಕಿವಿ ತೆರೆದು ಕೇಳಿ. ಅದು ಜೋಸೆಫ್ ನಿಬ್ ಬಳಸಿದ, ರೋಮನ್ ಅಂಕಿಯ ಲೆಕ್ಕದಲ್ಲಿ ಗಂಟೆ ಬಾರಿಸುವ ಪದ್ಧತಿಯದ್ದಾಗಿರಬಹುದು.

ಅದರಲ್ಲಿ ಎರಡು ಗಂಟೆಗಳಿರುತ್ತವೆ. ಒಂದರ ಗುರುತಿಗೆ ಸಣ್ಣ ದನಿ, ಐದರ ಗುರುತಿಗೆ ದಪ್ಪ ದನಿ, ಹತ್ತಕ್ಕೆ ಎರಡು ದಪ್ಪ ದನಿ. ಹನ್ನೆರಡಕ್ಕೆ ಹನ್ನೆರಡು ಬಾರಿ ಹೊಡೆಯುವ ಬದಲು ನಾಲ್ಕೇ ಬಾರಿ. ಮಾಮೂಲಿ ಗಡಿಯಾರ ಹನ್ನೆರಡು ಗಂಟೆಯಲ್ಲಿ 78 ಸಲ ಬಾರಿಸಿದರೆ ಇದು 30 ಸಲ ಮಾತ್ರ. ಅಷ್ಟು ಬಲ ಉಳಿಯಿತು, ತಿಂಗಳುಗಟ್ಟಲೆ ನಡೆಯುವ ಗಡಿಯಾರಕ್ಕೆ ಅದು ದೊಡ್ಡ ಉಳಿತಾಯ.

ಡಯಲ್ ಮೇಲಿನ ಚಂದ್ರ ಬರೀ ಅಲಂಕಾರನಾ?

ಅಲ್ಲ. ಬೀದಿ ದೀಪ ಇಲ್ಲದ ಕಾಲ. ರಾತ್ರಿ ಪ್ರಯಾಣಕ್ಕೆ, ನೆಂಟರ ಊಟಕ್ಕೆ ಬೆಳದಿಂಗಳ ದಿನ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಪಂಚಾಂಗ ಇರುವಂತೆ ಅವರ ಮನೆಯಲ್ಲಿ ಈ ಚಂದ್ರ. ಬಂದರು ಊರುಗಳ ಗಡಿಯಾರದಲ್ಲಿ ಸಮುದ್ರದ ಉಬ್ಬರದ ಹೊತ್ತೂ ಚಂದ್ರನ ಜೊತೆಗೇ ಬರೆದಿರುತ್ತದೆ.

ಒಳಗಿನ ಲೆಕ್ಕ ಚೆಂದವಾಗಿದೆ. ತಟ್ಟೆಯ ಮೇಲೆ ಎರಡು ಚಂದ್ರ, ಅಂಚಿಗೆ 118 ಹಲ್ಲು. ಹನ್ನೆರಡು ಗಂಟೆಗೊಂದು ಹಲ್ಲು ಸರಿಯುತ್ತದೆ. 59 ಹಲ್ಲು ಸರಿದರೆ ಇಪ್ಪತ್ತೊಂಬತ್ತೂವರೆ ದಿನ, ಒಂದು ಚಾಂದ್ರಮಾಸ. ನಿಜವಾದ ಮಾಸ ಅದಕ್ಕಿಂತ ಮುಕ್ಕಾಲು ಗಂಟೆಯಷ್ಟು ಉದ್ದ. ಎರಡೂವರೆ ವರ್ಷ ದಾಟಿದ ಮೇಲೆ ಒಂದು ದಿನ ತಿದ್ದಿದರೆ ಆಯಿತು.

ಗಡಿಯಾರಕ್ಕೂ ತೆರಿಗೆ ಹಾಕಿದ್ದರಂತೆ?

ಹಾಕಿದ್ದರು. 1797ರಲ್ಲಿ ಪ್ರಧಾನಿ ವಿಲಿಯಂ ಪಿಟ್ ಒಂದೊಂದು ಗಡಿಯಾರಕ್ಕೂ ವರ್ಷಕ್ಕೆ ಐದು ಶಿಲ್ಲಿಂಗ್ ತೆರಿಗೆ ವಿಧಿಸಿದ. ಜನ ಕೊಳ್ಳುವುದನ್ನೇ ಬಿಟ್ಟರು, ಕಸುಬಿನವರು ಕೆಲಸ ಕಳೆದುಕೊಂಡರು. ಮರುವರ್ಷವೇ ತೆರಿಗೆ ವಾಪಸ್ ಆಯಿತು.

ಇಂಗ್ಲೆಂಡ್ ಬಿಟ್ಟು ಬೇರೆ ಕಡೆ ಮಾಡುತ್ತಿರಲಿಲ್ಲವಾ?

ಮಾಡುತ್ತಿದ್ದರು. ಡೆನ್ಮಾರ್ಕಿನ ಬೊರ್ನ್‌ಹೋಮ್ ದ್ವೀಪದ ಕಥೆ ಕೇಳಿ. 1744ರಲ್ಲಿ ಅಲ್ಲಿನ ತೀರದಲ್ಲಿ ಒಂದು ಡಚ್ ಹಡಗು ಒಡೆಯಿತು. ಅದರಲ್ಲಿ ಉದ್ದ ಗಡಿಯಾರಗಳಿದ್ದವು. ರಿಪೇರಿಗೆ ಕೂತ ದ್ವೀಪದವರು ಅವನ್ನು ಬಿಚ್ಚಿ ನೋಡಿಯೇ ಕಸುಬು ಕಲಿತರು. ಮುಂದೆ ಬೊರ್ನ್‌ಹೋಮ್ ಗಡಿಯಾರಕ್ಕೇ ಹೆಸರಾಯಿತು. ಸ್ವೀಡನ್ನಿನ ಮೊರಾ ಊರಿನವು ಹೊಟ್ಟೆ ಉಬ್ಬಿದ ಆಕಾರದವು. ಅಮೆರಿಕದಲ್ಲಿ ಈಲೈ ಟೆರಿ 1806ರ ಸುಮಾರಿಗೆ ನಾಲ್ಕು ಸಾವಿರ ಮರದ ಯಂತ್ರಗಳ ಗುತ್ತಿಗೆ ಹಿಡಿದು, ನೀರಿನ ಬಲದ ಯಂತ್ರಗಳಿಂದ ಮೂರು ವರ್ಷದಲ್ಲಿ ಮುಗಿಸಿದ. ಕೈಕಸುಬಿನ ಕಾಲ ಅಲ್ಲಿಂದ ಇಳಿಮುಖ.

ಲಂಡನ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರ ಬೆಂಗಳೂರಿಗೆ ತಂದ ಮೇಲೆ ಹಿಂದೆ ಬೀಳುತ್ತಿದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಇಲ್ಲ. ಸಮಭಾಜಕದ ಹತ್ತಿರ ಬಂದಷ್ಟೂ ಕಡಿಮೆ, ಎತ್ತರಕ್ಕೆ ಹೋದಷ್ಟೂ ಕಡಿಮೆ. ಬೆಂಗಳೂರಿನಲ್ಲಿ ಎರಡೂ ಸೇರುತ್ತವೆ. ಸೆಳೆತ ಕಡಿಮೆಯಾದರೆ ಲೋಲಕ ನಿಧಾನ. ಲಂಡನ್‌ಗೆ ಹದ ಮಾಡಿದ ಗಡಿಯಾರ ಇಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಜಾಸ್ತಿ ಹಿಂದೆ ಬೀಳುತ್ತದೆ. ಇದನ್ನು ಮೊದಲು ಕಂಡವನು ಫ್ರಾನ್ಸಿನ ಜಾನ್ ರಿಶೆ. 1672ರಲ್ಲಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಗಡಿಯಾರ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಸೋತಿತು. ಭೂಮಿ ಪೂರಾ ಗುಂಡಗಿಲ್ಲ ಅನ್ನಲು ನ್ಯೂಟನ್ನನಿಗೆ ಅದೂ ಒಂದು ಆಧಾರವಾಯಿತು.

ಪರಿಹಾರ ಸುಲಭ. ಲೋಲಕದ ಕೆಳಗೆ ಒಂದು ನಟ್ ಇದೆ. ಅದನ್ನು ತಿರುಗಿಸಿ ಲೋಲಕದ ಗುಂಡನ್ನು ಮೇಲಕ್ಕೆ ಏರಿಸಿ, ಒಟ್ಟು ಮೂರು ಮಿಲಿಮೀಟರ್ ಸುಮಾರು. ಒಂದು ಮಿಲಿಮೀಟರ್‌ಗೆ ದಿನಕ್ಕೆ 43 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಚೂರು ಚೂರೇ ತಿರುಗಿಸಿ, ಒಂದು ದಿನ ಕಾದು ನೋಡಿ.

ಮನೆಯಲ್ಲಿ ನಿಲ್ಲಿಸಿದೆ. ಅರ್ಧ ಗಂಟೆಗೇ ನಿಂತುಹೋಗುತ್ತದೆ. ಯಾಕೆ?

ಹತ್ತಕ್ಕೆ ಒಂಬತ್ತು ಸಲ ಕಾರಣ ಒಂದೇ: ಪೆಟ್ಟಿಗೆ ಸರಿಯಾಗಿ ನಿಂತಿಲ್ಲ. ಮೊದಲು ರಸಮಟ್ಟ ಇಟ್ಟು ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಟಿಕ್, ಟಾಕ್ ನಡುವಿನ ಬಿಡುವು ಎರಡೂ ಕಡೆ ಸಮ ಇರಬೇಕು. ಕುಂಟುವ ನಡಿಗೆಯಂತೆ ಕೇಳಿದರೆ ಪೆಟ್ಟಿಗೆಯನ್ನು ಎಡಕ್ಕೋ ಬಲಕ್ಕೋ ಒಂದಿಷ್ಟು ಓರೆ ಮಾಡಿ. ಸದ್ದು ಸಮವಾದ ಜಾಗದಲ್ಲಿ ಪಾದದ ಕೆಳಗೆ ತೆಳು ಚಕ್ಕೆ ಇಡಿ. ಪೆಟ್ಟಿಗೆಯನ್ನು ಹಿಂದಿನ ಗೋಡೆಗೆ ತಿರುಪು ಹಾಕಿ ಬಿಗಿಯಲೇಬೇಕು. ಮೇಲೆ ಭಾರವಿರುವ ವಸ್ತು ಇದು. ಮಕ್ಕಳ ಮೇಲೆ ಬಿದ್ದರೆ ಅನಾಹುತ.

ಕೀ ಕೊಟ್ಟು ಐದಾರು ದಿನ ಚೆನ್ನಾಗಿ ನಡೆದು ಆಮೇಲೆ ನಿಲ್ಲುತ್ತದೆ. ಇದೇನು?

ಗೋಡೆಗೆ ಬಿಗಿದಿಲ್ಲ ಅಂತಾಯಿತು. ಆ ಹೊತ್ತಿಗೆ ತೂಕದ ಗುಂಡುಗಳು ಲೋಲಕದ ಗುಂಡಿನ ಮಟ್ಟಕ್ಕೆ ಇಳಿದಿರುತ್ತವೆ. ಅವುಗಳ ಹುರಿಯ ಉದ್ದವೂ ಲೋಲಕದ ಉದ್ದವೂ ಒಂದೇ ಆಗುತ್ತದೆ. ಪೆಟ್ಟಿಗೆ ಸ್ವಲ್ಪ ಅಲುಗಾಡಿದರೂ ಸಾಕು, ಗುಂಡುಗಳೂ ಜೊತೆಗೆ ತೂಗತೊಡಗುತ್ತವೆ. ಲೋಲಕದ ಬಲವನ್ನು ಅವೇ ಕುಡಿದುಬಿಡುತ್ತವೆ. ಬಿಗಿಯಾಗಿ ನಿಲ್ಲಿಸಿ, ಹೆಚ್ಚಿನ ಸಲ ಸರಿಹೋಗುತ್ತದೆ.

ಎಣ್ಣೆ ಹಾಕಬೇಕಾ? ಪಾಲಿಶ್?

ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎರಡೂ ಬೇಡ. ಗಡಿಯಾರದ ಎಣ್ಣೆಯೇ ಬೇರೆ ಸಿಗುತ್ತದೆ. ಅಚ್ಚಿನ ತುದಿಗಳಿಗೆ ಸೂಜಿಮೊನೆಯಷ್ಟು ಸಾಕು. ಚಕ್ರದ ಹಲ್ಲುಗಳಿಗೆ ಹಾಕಲೇಬೇಡಿ. ಅಲ್ಲಿ ಧೂಳು ಸೇರಿ ಅರದಂತೆ ಸವೆಸುತ್ತದೆ. ಹಿತ್ತಾಳೆ ಡಯಲ್‌ಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಆಸೆ ಬಂದರೆ ತಡೆದುಕೊಳ್ಳಿ. ಅಂಕಿಗಳ ಉಂಗುರಕ್ಕೆ ತೀರಾ ತೆಳುವಾದ ಬೆಳ್ಳಿಯ ಲೇಪ ಇರುತ್ತದೆ. ಒಮ್ಮೆ ತಿಕ್ಕಿದರೆ ಅದು ಹೋಯಿತು. ಮರಕ್ಕೂ ಅಷ್ಟೇ, ಹೊಸ ವಾರ್ನಿಶ್ ಬೇಡ. ಒಣ ಬಟ್ಟೆ, ವರ್ಷಕ್ಕೊಮ್ಮೆ ತುಸು ಜೇನುಮೇಣ.

ನಮ್ಮ ಕಡೆ ಹೆಚ್ಚು ಹೆದರಬೇಕಾದದ್ದು ಗೆದ್ದಲಿಗೆ ಮತ್ತು ಮಳೆಗಾಲಕ್ಕೆ. ಕರಾವಳಿ, ಮಲೆನಾಡಿನ ತೇವಕ್ಕೆ ಹಳೆಯ ಮರವಜ್ರದ ಅಂಟು ಸಡಿಲವಾಗಿ, ಮೇಲಿನ ತೆಳು ಪದರ ಎದ್ದು ಬರುತ್ತದೆ. ಎದ್ದ ಚೂರನ್ನು ಎಸೆಯಬೇಡಿ, ಕವರಿನಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಿ. ಬಲ್ಲವರು ಅದನ್ನೇ ಮತ್ತೆ ಕೂರಿಸುತ್ತಾರೆ.

ಬೇರೆ ಮನೆಗೆ ಸಾಗಿಸುವಾಗ?

ಮೊದಲು ತೂಕದ ಗುಂಡು ಬಿಚ್ಚಿ, ಎಡ ಬಲ ಗುರುತು ಹಾಕಿ. ಎರಡರ ತೂಕ ಬೇರೆ ಇರಬಹುದು. ಆಮೇಲೆ ಲೋಲಕ. ಅದು ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯಿಂದ ನೇತಾಡುತ್ತದೆ. ಆ ಪಟ್ಟಿ ಮಡಚಿದರೆ ಗಡಿಯಾರ ನಡೆಯುವುದಿಲ್ಲ. ನಂತರ ಮೇಲ್ಭಾಗ, ಯಂತ್ರ, ಕೊನೆಗೆ ಪೆಟ್ಟಿಗೆ. ಲೋಲಕ ಹಾಕಿಟ್ಟೇ ಪೆಟ್ಟಿಗೆ ಮಲಗಿಸಿದ ಕಥೆಗಳು ಯಾವುದೂ ಚೆನ್ನಾಗಿ ಮುಗಿದಿಲ್ಲ.

ಸಾಲಾರ್ ಜಂಗ್ ಮ್ಯೂಸಿಯಂನ ಹೆಸರಾಂತ ಗಡಿಯಾರ ಇದೇ ಜಾತಿಯದ್ದಾ?

ಅಲ್ಲ. ಹೈದರಾಬಾದಿನಲ್ಲಿ ಪ್ರತಿ ಗಂಟೆಗೆ ಪುಟ್ಟ ಮನುಷ್ಯ ಹೊರಬಂದು ಬಾರಿಸುವುದನ್ನು ನೋಡಲು ಜನ ಕೂರುತ್ತಾರಲ್ಲ, ಅದು ಸಂಗೀತದ ಗಡಿಯಾರ, ಕಲ್ಕತ್ತಾದ ಕುಕ್ ಅಂಡ್ ಕೆಲ್ವಿ ಕಂಪನಿಯದು. ಮೈಸೂರಿನ ಜಗನ್ಮೋಹನ ಅರಮನೆಯ ಫ್ರೆಂಚ್ ಗಡಿಯಾರವೂ ಬೇರೆ ಜಾತಿ.

ಇಂಗ್ಲೆಂಡಿಗೆ ಹೋದರೆ ಎಲ್ಲಿ ನೋಡಲಿ?

ಲಂಡನ್‌ನಲ್ಲಿ ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ಬ್ರಿಟಿಷ್ ಮ್ಯೂಸಿಯಂಗೆ. ಇನ್ನೊಂದು ದಿನ ಸೈನ್ಸ್ ಮ್ಯೂಸಿಯಂಗೆ, ಗಡಿಯಾರಗಾರರ ಸಂಘದ ಸಂಗ್ರಹವೂ 2015ರಿಂದ ಅಲ್ಲೇ ಇದೆ. ಉತ್ತರದ ಕಡೆ ಹೋಗುವವರು ಯಾರ್ಕ್‌ಶೈರ್‌ನ ನಾಸ್ಟೆಲ್ ಬಂಗಲೆಗೆ ಹೋಗಿ. ಹ್ಯಾರಿಸನ್ 1717ರಲ್ಲಿ ಮಾಡಿದ ಮರದ ಗಡಿಯಾರ ಅಲ್ಲಿದೆ. ಅವನು ಹುಟ್ಟಿದ ಊರೂ ಆ ಬಂಗಲೆಯ ಪಕ್ಕದಲ್ಲೇ.